ಸಣ್ಣ ವ್ಯಾಪಾರಕ್ಕೆ ಇಂಟರ್ನೆಟ್ ಫೋನ್: ಕೊಟೇಶನ್ ತರಿಸುವ ಮೊದಲು ಹಾಕಬೇಕಾದ ಲೆಕ್ಕ

ತುಮಕೂರಿನ ಬಿ.ಎಚ್. ರಸ್ತೆಯಲ್ಲಿ ಕೊಳವೆಬಾವಿಯ ಪಂಪು, ಕೇಬಲ್ಲು, ಸ್ಟಾರ್ಟರ್ ಮಾರುವ, ಸುಟ್ಟ ಮೋಟಾರಿಗೆ ರಿವೈಂಡಿಂಗ್ ಮಾಡಿಕೊಡುವ ಒಂದು ಅಂಗಡಿಯಿದೆ ಎಂದುಕೊಳ್ಳಿ. ಬೇಸಿಗೆಯಲ್ಲಿ ಅಲ್ಲಿನ ಫೋನು ದಿನವಿಡೀ ಒಂದೇ ಸಮನೆ ಬಡಿದುಕೊಳ್ಳುವುದಿಲ್ಲ. ಹಳ್ಳಿಗಳ ಕಡೆ ತ್ರೀ ಫೇಸ್ ಕರೆಂಟು ಬಂದ ಸ್ವಲ್ಪ ಹೊತ್ತಿಗೆ ಶಿರಾ, ಮಧುಗಿರಿ, ಗುಬ್ಬಿ, ಪಾವಗಡದ ಕಡೆಯಿಂದ ಒಟ್ಟೊಟ್ಟಿಗೆ ಕರೆಗಳು ಬರುತ್ತವೆ, ಏಕೆಂದರೆ ಮೋಟಾರು ಕೈಕೊಟ್ಟಿದೆ ಎಂಬುದು ರೈತರಿಗೆ ಗೊತ್ತಾಗುವುದೇ ಆಗ. ಆ ಹೊತ್ತಿನಲ್ಲಿ ಲೈನು ಎಂಗೇಜ್ ಸಿಕ್ಕವರಲ್ಲಿ ಹಲವರು ಮತ್ತೆ ಪ್ರಯತ್ನಿಸದೆ ಮುಂದಿನ ಅಂಗಡಿಯ ನಂಬರು ಒತ್ತುತ್ತಾರೆ.

ಇಂಥ ಅಂಗಡಿಗೆ, ಹಾಗೆಯೇ ಕರೆಗಳನ್ನೇ ನಂಬಿ ನಡೆಯುವ ರಕ್ತ ಪರೀಕ್ಷೆಯ ಲ್ಯಾಬು, ಟ್ರಾವೆಲ್ಸ್ ಕಚೇರಿ, ಅಂತರಸನಹಳ್ಳಿಯ ಮಂಡಿ, ವಸಂತನರಸಾಪುರದ ಸಣ್ಣ ಕೈಗಾರಿಕಾ ಘಟಕಗಳಿಗೆ, ಇಂಟರ್ನೆಟ್ ಮೂಲಕ ನಡೆಯುವ ಫೋನ್ ವ್ಯವಸ್ಥೆಯಿಂದ ನಿಜವಾದ ಪ್ರಯೋಜನವಿದೆ. ಒಂದೇ ನಂಬರಿಗೆ ಏಕಕಾಲಕ್ಕೆ ಹಲವರು ಕರೆ ಮಾಡಬಹುದು, ಕರೆಯನ್ನು ಕೌಂಟರಿನಿಂದ ವರ್ಕ್‌ಶಾಪಿಗೆ ವರ್ಗಾಯಿಸಬಹುದು, ಯಾರ ಕರೆಗೆ ಉತ್ತರ ಸಿಗಲಿಲ್ಲ ಎಂಬುದನ್ನು ಸಂಜೆ ನೋಡಿ ಮರಳಿ ಕರೆ ಮಾಡಬಹುದು. ಆದರೆ ಮಾರಾಟ ಪ್ರತಿನಿಧಿ ತರುವ ಪಟ್ಟಿ ಸೌಲಭ್ಯಗಳಿಂದ ಶುರುವಾಗುತ್ತದೆ, ಮತ್ತು ಅವುಗಳಲ್ಲಿ ಅರ್ಧದಷ್ಟನ್ನು ಸಣ್ಣ ವ್ಯಾಪಾರಿ ಎಂದೂ ಬಳಸುವುದಿಲ್ಲ. ಆದ್ದರಿಂದ ಆಯ್ಕೆಯನ್ನು ನಿಮ್ಮ ಕರೆಗಳ ಲೆಕ್ಕದಿಂದ, ನಂಬರಿನ ಒಡೆತನದಿಂದ ಮತ್ತು ಕರೆಂಟು ಹೋದಾಗ ಏನಾಗುತ್ತದೆ ಎಂಬ ಪ್ರಶ್ನೆಯಿಂದ ಆರಂಭಿಸುವುದು ಒಳ್ಳೆಯದು.

ಅದಕ್ಕೂ ಮೊದಲು ಒಂದು ಮಾತು. ಅಂಗಡಿಯಲ್ಲಿ ಫೋನು ಎತ್ತುವವರು ಒಬ್ಬರೇ ಆಗಿದ್ದು, ದಿನಕ್ಕೆ ಹತ್ತಿಪ್ಪತ್ತು ಕರೆಗಳಷ್ಟೇ ಬರುತ್ತಿದ್ದರೆ ಈ ವ್ಯವಸ್ಥೆ ನಿಮಗೆ ಬೇಕಾಗಿಲ್ಲ. ಅಂಗಡಿಗೆಂದೇ ಮೀಸಲಾದ ಒಂದು ಸಿಮ್ಮು, ಕಾಲ್ ವೇಟಿಂಗ್ ಸೌಲಭ್ಯ ಮತ್ತು ಗಟ್ಟಿ ಬ್ಯಾಟರಿಯ ಒಂದು ಮೊಬೈಲ್ ಸಾಕು.

ಮೊದಲ ಹೆಜ್ಜೆ: ಎಷ್ಟು ಕರೆ ಒಟ್ಟಿಗೆ ಬರುತ್ತವೆ?

ಕಂಪನಿಗಳು ಸಾಮಾನ್ಯವಾಗಿ ಎಷ್ಟು ಜನ ಬಳಸುತ್ತಾರೆ ಎಂದು ಕೇಳುತ್ತವೆ. ನೀವು ನಿಮ್ಮನ್ನು ಕೇಳಿಕೊಳ್ಳಬೇಕಾದ ಪ್ರಶ್ನೆ ಬೇರೆ: ಅತಿ ಹೆಚ್ಚು ಕರೆ ಬರುವ ಒಂದು ಗಂಟೆಯಲ್ಲಿ ಏಕಕಾಲಕ್ಕೆ ಎಷ್ಟು ಕರೆಗಳು ನಡೆಯುತ್ತಿರುತ್ತವೆ? ಹೀಗೆ ಒಟ್ಟಿಗೆ ನಡೆಯಬಲ್ಲ ಕರೆಗಳ ಮಿತಿಗೆ ಈ ಉದ್ಯಮದಲ್ಲಿ ಚಾನೆಲ್ ಎನ್ನುತ್ತಾರೆ. ಎಂಗೇಜ್ ಟೋನು ಕೇಳಿಸುವುದು ಚಾನೆಲ್ ಕಡಿಮೆಯಾದಾಗಲೇ ಹೊರತು ಎಕ್ಸ್‌ಟೆನ್ಶನ್ (ಅಂಗಡಿಯೊಳಗಿನ ಒಂದೊಂದು ಫೋನಿಗೂ ಕೊಡುವ ಒಳನಂಬರು) ಕಡಿಮೆಯಾದಾಗ ಅಲ್ಲ.

ಲೆಕ್ಕ ಕಷ್ಟದ್ದಲ್ಲ. ಒಂದು ವಾರ ಮೊಬೈಲಿನ ಕಾಲ್ ಲಾಗ್ ನೋಡಿ, ಮಿಸ್ಡ್ ಕಾಲ್‌ಗಳನ್ನೂ ಸೇರಿಸಿ, ಅತಿ ಬಿಗಿಯಾದ ಗಂಟೆಯನ್ನು ಗುರುತಿಸಿಕೊಳ್ಳಿ. ಆ ಗಂಟೆಯಲ್ಲಿ 40 ಕರೆ ಬಂದು ಒಂದೊಂದು ಸರಾಸರಿ 3 ನಿಮಿಷ ನಡೆಯುತ್ತದೆ ಎಂದಾದರೆ ಒಟ್ಟು ಮಾತಿನ ಸಮಯ 120 ನಿಮಿಷ, ಅಂದರೆ ಆ ಗಂಟೆಯಿಡೀ ಸರಾಸರಿ ಎರಡು ಲೈನುಗಳು ತುಂಬಿರುತ್ತವೆ. ಹಾಗೆಂದು ಎರಡೇ ಲೈನು ತೆಗೆದುಕೊಂಡರೆ ಕೆಟ್ಟಿರಿ, ಏಕೆಂದರೆ ಕರೆಗಳು ಸರತಿಯಲ್ಲಿ ನಿಂತು ಒಂದಾದ ಮೇಲೊಂದು ಬರುವುದಿಲ್ಲ. ಡೆನ್ಮಾರ್ಕಿನ ಗಣಿತಜ್ಞ ಎರ್ಲಾಂಗ್ ನೂರು ವರ್ಷಗಳಿಗೂ ಹಿಂದೆ ಟೆಲಿಫೋನ್ ಕಂಪನಿಗಾಗಿ ರೂಪಿಸಿದ ಸೂತ್ರದಂತೆ ಈ ಪ್ರಮಾಣದ ಕರೆಗಳಿಗೆ 3 ಚಾನೆಲ್ ಇದ್ದರೆ ಸುಮಾರು ಐದರಲ್ಲಿ ಒಂದು ಕರೆಗೆ ಎಂಗೇಜ್ ಸಿಗುತ್ತದೆ, 4 ಇದ್ದರೆ ಹತ್ತರಲ್ಲಿ ಒಂದಕ್ಕೆ, 5 ಇದ್ದರೆ ನೂರರಲ್ಲಿ ನಾಲ್ಕಕ್ಕಿಂತ ಕಡಿಮೆ, 6 ಇದ್ದರೆ ನೂರರಲ್ಲಿ ಸುಮಾರು ಒಂದಕ್ಕೆ. ಮೂರರಿಂದ ಐದಕ್ಕೆ ಹೋದಾಗ ಸಿಗುವ ಲಾಭ ದೊಡ್ಡದು, ಆರರಿಂದ ಎಂಟಕ್ಕೆ ಹೋದಾಗ ಸಿಗುವುದು ಅತ್ಯಲ್ಪ. ಹಣ ಎಲ್ಲಿ ನಿಲ್ಲಿಸಬೇಕು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಉತ್ತರ ಯಾವ ಕೊಟೇಶನ್ನಿನಲ್ಲೂ ಸಿಗುವುದಿಲ್ಲ.

ಚಾನೆಲ್ ಐದಿದ್ದು ಎತ್ತುವ ಕೈ ಎರಡೇ ಇದ್ದರೆ ಉಳಿದ ಮೂವರು ಸಂಗೀತ ಕೇಳುತ್ತ ಕಾಯುತ್ತಾರೆ ಎಂಬುದನ್ನೂ ಮರೆಯುವಂತಿಲ್ಲ. ಹಾಗೆ ಕಾಯಿಸುವುದಕ್ಕಿಂತ, ಒಂದು ನಿಮಿಷದೊಳಗೆ ಯಾರೂ ಎತ್ತದಿದ್ದರೆ ಕರೆಯನ್ನು ಮಾಲೀಕರ ಮೊಬೈಲಿಗೆ ತಿರುಗಿಸುವ ಅಥವಾ ನಂಬರನ್ನು ದಾಖಲಿಸಿಕೊಂಡು ನಾವೇ ಕರೆ ಮಾಡುತ್ತೇವೆ ಎಂದು ತಿಳಿಸುವ ಏರ್ಪಾಡು ಮೇಲು.

ಎರಡನೆಯ ಹೆಜ್ಜೆ: ಯಾವ ಬಗೆಯ ವ್ಯವಸ್ಥೆ?

ಅತಿ ಸರಳವಾದದ್ದು ಫೈಬರ್ ಬ್ರಾಡ್‌ಬ್ಯಾಂಡ್ ಜೊತೆಗೇ ಬರುವ ಲ್ಯಾಂಡ್‌ಲೈನು. ಬಿಎಸ್‌ಎನ್‌ಎಲ್, ಏರ್‌ಟೆಲ್, ಜಿಯೋ ಫೈಬರ್ ಸಂಪರ್ಕಗಳಲ್ಲಿ ಮೋಡೆಮ್ಮಿನ ಹಿಂಭಾಗಕ್ಕೆ ಸಾಧಾರಣ ಫೋನನ್ನು ಸಿಕ್ಕಿಸಿದರೆ ಕೆಲಸ ಮಾಡುತ್ತದೆ, ಮತ್ತು ಆ ಕರೆ ನಡೆಯುವುದು ಇಂಟರ್ನೆಟ್ ಫೋನಿನ ತಂತ್ರಜ್ಞಾನದಲ್ಲಿಯೇ. ಒಂದು ಕೌಂಟರಿನ ಅಂಗಡಿಗೆ ಇದು ಧಾರಾಳವಾಯಿತು, ಆದರೆ ಹಲವು ಕರೆಗಳನ್ನು ಒಟ್ಟಿಗೆ ಸ್ವೀಕರಿಸುವ ಮತ್ತು ಹಂಚುವ ಶಕ್ತಿ ಇದಕ್ಕಿಲ್ಲ.

ಎರಡನೆಯದು ಕ್ಲೌಡ್ ವ್ಯವಸ್ಥೆ. ಕರೆಗಳನ್ನು ಹಂಚುವ ಯಂತ್ರ ನಿಮ್ಮ ಅಂಗಡಿಯಲ್ಲಿ ಇರುವುದಿಲ್ಲ, ಕಂಪನಿಯ ಸರ್ವರಿನಲ್ಲಿ ಇರುತ್ತದೆ. ನಿಮ್ಮಲ್ಲಿ ಮೇಜಿನ ಮೇಲಿನ ಐಪಿ ಫೋನು (ನೇರವಾಗಿ ಇಂಟರ್ನೆಟ್ಟಿಗೆ ಸೇರುವ ಫೋನು) ಅಥವಾ ಮೊಬೈಲಿನಲ್ಲಿ ಒಂದು ಆ್ಯಪ್ ಮಾತ್ರ. ತಿಂಗಳ ಬಾಡಿಗೆ ಕಟ್ಟುತ್ತ ಹೋಗಬೇಕು, ಆದರೆ ಅಂಗಡಿಯ ಇಂಟರ್ನೆಟ್ ಪೂರ್ತಿ ಸತ್ತರೂ ಸ್ವಾಗತದ ಧ್ವನಿ ಕರೆಯನ್ನು ಎತ್ತಿ ಮೊಬೈಲಿಗೆ ಕಳಿಸಬಲ್ಲದು. ಹತ್ತು ಜನರಿಗಿಂತ ಕಡಿಮೆ ಇರುವ ವ್ಯಾಪಾರಕ್ಕೆ ನನ್ನ ಮಟ್ಟಿಗೆ ಇದೇ ಸರಿಯಾದ ಆಯ್ಕೆ.

ಮೂರನೆಯದು ಕರೆಗಳನ್ನು ಹಂಚುವ ಯಂತ್ರವನ್ನೇ, ಅಂದರೆ ಐಪಿ ಪಿಬಿಎಕ್ಸ್ ಪೆಟ್ಟಿಗೆಯನ್ನು, ಸ್ವಂತಕ್ಕೆ ಕೊಂಡು, ಟೆಲಿಕಾಂ ಕಂಪನಿಯಿಂದ ಸಿಪ್ ಟ್ರಂಕ್ ಎಂಬ, ಇಂಟರ್ನೆಟ್ ಮಾದರಿಯಲ್ಲಿ ಹಲವು ಕರೆಗಳನ್ನು ಒಟ್ಟಿಗೆ ಒಯ್ಯುವ ಸಂಪರ್ಕ ಪಡೆಯುವುದು. ಇಂಥ ಪೆಟ್ಟಿಗೆಯನ್ನು ನಡೆಸುವ ಆಸ್ಟರಿಸ್ಕ್ ಎಂಬ ಮುಕ್ತ ತಂತ್ರಾಂಶ 1999ರಿಂದಲೂ ಇರುವುದರಿಂದ ತಂತ್ರಾಂಶಕ್ಕೆ ಹಣ ಕೊಡಬೇಕಾಗಿಲ್ಲ ಎಂದು ಕೆಲವರು ಹುರಿದುಂಬಿಸುತ್ತಾರೆ. ಅದನ್ನು ನೋಡಿಕೊಳ್ಳಲು ತಿಳಿದವರೊಬ್ಬರು ಕರೆದರೆ ಬರುವಷ್ಟು ಹತ್ತಿರದಲ್ಲಿ ಇಲ್ಲದಿದ್ದರೆ ಆ ಉಳಿತಾಯ ಒಂದೇ ದೋಷಕ್ಕೆ ಕರಗಿಹೋಗುತ್ತದೆ. ನಾಲ್ಕಾರು ವಿಭಾಗಗಳಿರುವ ನರ್ಸಿಂಗ್ ಹೋಮಿಗೆ, ಕೋಣೆಕೋಣೆಗೂ ಇಂಟರ್‌ಕಾಮ್ ಬೇಕಾದ ವಸತಿಗೃಹಕ್ಕೆ ಇದು ಹೊಂದುತ್ತದೆ. ಅಂಥಲ್ಲಿ ಈಗಾಗಲೇ ಹಳೆಯ ಇಪಿಎಬಿಎಕ್ಸ್ (ಒಳಗಿನ ಫೋನುಗಳನ್ನು ಜೋಡಿಸುವ ಯಂತ್ರ) ಇದ್ದರೆ ಅದನ್ನು ಎಸೆಯಬೇಕಾಗಿಲ್ಲ; ಗೇಟ್‌ವೇ ಎಂಬ ಸಣ್ಣ ಉಪಕರಣದ ಮೂಲಕ ಅದನ್ನೇ ಇಂಟರ್ನೆಟ್ ಲೈನಿಗೆ ಜೋಡಿಸಬಹುದು.

ಫೋನಿನ ಉಪಕರಣದ ಬಗ್ಗೆಯೂ ಒಂದು ಎಚ್ಚರಿಕೆ ಇಲ್ಲಿ ಸಲ್ಲುತ್ತದೆ. ಬರೀ ಮೊಬೈಲ್ ಆ್ಯಪ್‌ನಿಂದ ನಡೆಸಿದರೆ ಉಪಕರಣದ ಖರ್ಚೇ ಇಲ್ಲ ಎನ್ನುವುದು ನಿಜ. ಆದರೆ ಹಲವು ಆಂಡ್ರಾಯ್ಡ್ ಫೋನುಗಳು ಬ್ಯಾಟರಿ ಉಳಿಸಲೆಂದು ಹಿನ್ನೆಲೆಯ ಆ್ಯಪ್‌ಗಳನ್ನು ಮಲಗಿಸಿಬಿಡುತ್ತವೆ, ಆಗ ಕರೆ ಬಂದರೂ ಗಂಟೆ ಹೊಡೆಯುವುದಿಲ್ಲ. ಕೌಂಟರಿನಲ್ಲಿ ಒಂದಾದರೂ ತಂತಿಯ ಐಪಿ ಫೋನು ಇರಲಿ. ಲೇತ್ ತಿರುಗುವ ವರ್ಕ್‌ಶಾಪಿಗಾದರೆ ಅಡಾಪ್ಟರ್ ಮೂಲಕ ಹಳೆಯ ಲ್ಯಾಂಡ್‌ಲೈನ್ ಸೆಟ್ಟನ್ನೇ ಜೋಡಿಸಿ, ಗಟ್ಟಿಯಾಗಿ ಹೊಡೆಯುವ ಹೊರಗಂಟೆಯೊಂದನ್ನು ಸೇರಿಸಿಕೊಳ್ಳಬಹುದು.

ಮೂರನೆಯ ಹೆಜ್ಜೆ: ನಂಬರು ಯಾರ ಹೆಸರಿನಲ್ಲಿದೆ?

ಫೋನು, ಆ್ಯಪ್, ಕಂಪನಿ ಎಲ್ಲವನ್ನೂ ಮುಂದೆ ಬದಲಿಸಬಹುದು. ಬೋರ್ಡಿನ ಮೇಲೆ ಬರೆಸಿದ, ಬಿಲ್ ಪುಸ್ತಕದಲ್ಲಿ ಅಚ್ಚಾದ, ರೈತರು ಸ್ಟಾರ್ಟರ್ ಪೆಟ್ಟಿಗೆಯ ಒಳಬದಿಗೆ ಪೆನ್ಸಿಲಿನಲ್ಲಿ ಗೀಚಿಟ್ಟುಕೊಂಡ ನಂಬರನ್ನು ಬದಲಿಸುವುದು ಸುಲಭವಲ್ಲ. ಮೊಬೈಲ್ ನಂಬರಿಗೆ 2011ರಿಂದ ಪೋರ್ಟಬಿಲಿಟಿ ಇದೆ; ಲ್ಯಾಂಡ್‌ಲೈನ್ ನಂಬರಿಗೆ ನಮ್ಮ ದೇಶದಲ್ಲಿ ಆ ಅನುಕೂಲ ಇಲ್ಲ. ಅಂದರೆ 0816ರಿಂದ ಶುರುವಾಗುವ ನಿಮ್ಮ ಹಳೆಯ ನಂಬರನ್ನು ಇನ್ನೊಂದು ಕಂಪನಿಗೆ ಕೊಂಡೊಯ್ಯಲು ಆಗುವುದಿಲ್ಲ. ಆ ನಂಬರು ಉಳಿಯಲೇಬೇಕು ಎನ್ನುವುದಾದರೆ ಲೈನನ್ನು ಜೀವಂತವಾಗಿಟ್ಟು, ಕಾಲ್ ಫಾರ್ವರ್ಡಿಂಗ್ ಮೂಲಕವೋ ಗೇಟ್‌ವೇ ಮೂಲಕವೋ ಹೊಸ ವ್ಯವಸ್ಥೆಗೆ ಸೇರಿಸಬೇಕು. ಹಳೆಯ ತಾಮ್ರದ ತಂತಿಯ ಲೈನನ್ನು ಅದೇ ಕಂಪನಿಯ ಫೈಬರಿಗೆ ಬದಲಿಸುವುದಿದ್ದರೆ ಅದೇ ನಂಬರು ಮುಂದುವರಿಯುತ್ತದೆಯೇ ಎಂದು ಅರ್ಜಿ ಕೊಡುವ ಮೊದಲೇ ಬರಹದಲ್ಲಿ ಕೇಳಿಕೊಳ್ಳಿ.

ಕ್ಲೌಡ್ ಕಂಪನಿಗಳು ಕೊಡುವ ಹೊಸ ನಂಬರಿನ ವಿಷಯದಲ್ಲಿ ಇನ್ನೂ ಹೆಚ್ಚಿನ ಎಚ್ಚರ ಬೇಕು. ಹಲವು ಕ್ಲೌಡ್ ಕಂಪನಿಗಳು ಸ್ವತಃ ಟೆಲಿಕಾಂ ಕಂಪನಿಗಳಲ್ಲ. ಪರವಾನಗಿ ಇರುವ ಟೆಲಿಕಾಂ ಕಂಪನಿಯಿಂದ ನಂಬರುಗಳನ್ನು ಪಡೆದು ನಿಮಗೆ ಹಂಚುತ್ತವೆ. ಆದ್ದರಿಂದ ಈ ಪ್ರಶ್ನೆಗಳನ್ನು ನೇರವಾಗಿ ಕೇಳಿ: ನಂಬರು ಯಾವ ಟೆಲಿಕಾಂ ಕಂಪನಿಯದು, ಅದರ ದಾಖಲೆಯಲ್ಲಿ ಗ್ರಾಹಕರೆಂದು ಯಾರ ಹೆಸರಿರುತ್ತದೆ, ನಾವು ನಿಮ್ಮ ಸೇವೆ ಬಿಟ್ಟರೆ ನಂಬರು ನಮ್ಮಲ್ಲೇ ಉಳಿಯುತ್ತದೆಯೇ? ನಿಮ್ಮ ಪ್ಯಾನ್, ಜಿಎಸ್‌ಟಿ ನೋಂದಣಿ, ವಿಳಾಸದ ದಾಖಲೆಗಳನ್ನು ಕೇಳದೆಯೇ ನಂಬರು ಕೊಡಲು ಮುಂದಾಗುವವರಿಂದ ದೂರವಿರಿ. ಅದು ಅನುಕೂಲವಲ್ಲ, ನಂಬರು ಬೇರೆ ಯಾರದೋ ಹೆಸರಿನಲ್ಲಿದೆ ಎಂಬುದರ ಸೂಚನೆ.

ಸ್ಥಳೀಯ ಕೋಡಿನ ನಂಬರು ಬೇಕೋ 1800ರ ಉಚಿತ ಕರೆಯ ನಂಬರು ಬೇಕೋ ಎಂಬ ಗೊಂದಲ ಹಲವರಿಗಿದೆ. 1800ಕ್ಕೆ ಬರುವ ಪ್ರತಿ ನಿಮಿಷದ ಹಣವನ್ನು ನೀವೇ ಕಟ್ಟುತ್ತೀರಿ. ಮೊಬೈಲ್ ಪ್ಲಾನುಗಳಲ್ಲಿ ಕರೆ ಹೇಗೂ ಅನಿಯಮಿತವಾಗಿರುವ ಈ ಕಾಲದಲ್ಲಿ ಜಿಲ್ಲೆಯೊಳಗಿನ ಗಿರಾಕಿಗೆ ಅದರಿಂದ ಉಳಿಯುವುದು ಏನೂ ಇಲ್ಲ. ಅದಕ್ಕಿಂತ 0816 ಕಂಡರೆ ನಮ್ಮೂರಿನವರೇ ಎಂಬ ನಂಬಿಕೆಯಿಂದ ಜನ ಫೋನು ಎತ್ತುತ್ತಾರೆ.

ನಾಲ್ಕನೆಯ ಹೆಜ್ಜೆ: ನಿಮ್ಮ ಇಂಟರ್ನೆಟ್ ತಾಳುತ್ತದೆಯೇ?

ಇಲ್ಲಿ ಜನ ವೇಗದ ಬಗ್ಗೆ ಅನಗತ್ಯವಾಗಿ ತಲೆಕೆಡಿಸಿಕೊಳ್ಳುತ್ತಾರೆ. ಜಿ.711 ಎಂಬ ಸಾಮಾನ್ಯ ಧ್ವನಿ ಮಾದರಿಯ ಒಂದು ಕರೆಗೆ ಹೋಗುವ ದಿಕ್ಕಿನಲ್ಲೂ ಬರುವ ದಿಕ್ಕಿನಲ್ಲೂ ಸೆಕೆಂಡಿಗೆ ಸುಮಾರು 80ರಿಂದ 90 ಕಿಲೋಬಿಟ್ ಸಾಕು. ಐದು ಕರೆಗಳು ಒಟ್ಟಿಗೆ ನಡೆದರೂ ಅರ್ಧ ಮೆಗಾಬಿಟ್ ದಾಟುವುದಿಲ್ಲ. 100 ಮೆಗಾಬಿಟ್ ಪ್ಲಾನನ್ನು 200ಕ್ಕೆ ಏರಿಸಿದರೆ ಧ್ವನಿ ಸ್ವಚ್ಛವಾಗುತ್ತದೆ ಎಂಬ ಮಾತನ್ನು ನಂಬಬೇಡಿ.

ಧ್ವನಿಯನ್ನು ಕೆಡಿಸುವುದು ಅಸ್ಥಿರತೆ. ಮಾತಿನ ತುಣುಕುಗಳು ತಡವಾಗಿ ತಲುಪುವುದು, ಹೆಚ್ಚುಕಡಿಮೆ ಅಂತರದಲ್ಲಿ ತಲುಪುವುದು, ಕೆಲವು ತಲುಪದೆಯೇ ಹೋಗುವುದು, ಇವೇ ತೊಂದರೆಯ ಮೂಲ. ಅಂತಾರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಶಿಫಾರಸಿನಂತೆ ಬಾಯಿಯಿಂದ ಕಿವಿಗೆ ಧ್ವನಿ 150 ಮಿಲಿಸೆಕೆಂಡಿನೊಳಗೆ ತಲುಪಿದರೆ ಮಾತುಕತೆ ಸಹಜವಾಗಿರುತ್ತದೆ. ಅದನ್ನು ಮೀರುತ್ತ ಹೋದಂತೆ ಇಬ್ಬರೂ ಒಟ್ಟಿಗೆ ಮಾತನಾಡಿ, ಒಟ್ಟಿಗೆ ಸುಮ್ಮನಾಗುವ ಪ್ರಸಂಗ ಬರುತ್ತದೆ. ತುಣುಕುಗಳ ಏರುಪೇರು 30 ಮಿಲಿಸೆಕೆಂಡಿನೊಳಗೆ, ನಷ್ಟ ನೂರಕ್ಕೆ ಒಂದರೊಳಗೆ ಇರಬೇಕು ಎಂಬುದು ವಾಡಿಕೆಯ ಅಳತೆ.

ಪರೀಕ್ಷೆಯನ್ನು ಬೆಳಗಿನ ಹತ್ತು ಗಂಟೆಯ ಬಿಡುವಿನಲ್ಲಿ ಮಾಡಿದರೆ ಪ್ರಯೋಜನವಿಲ್ಲ. ಸಂಜೆ, ಮನೆಮನೆಯಲ್ಲೂ ಟಿ.ವಿ. ಮೊಬೈಲ್ ಓಡುತ್ತಿರುವಾಗ, ಅಂಗಡಿಯ ಸಿಸಿಟಿವಿ ಕ್ಯಾಮೆರಾಗಳು ಚಿತ್ರವನ್ನು ಕ್ಲೌಡಿಗೆ ಕಳಿಸುತ್ತಿರುವಾಗ, ಯಾರಾದರೊಬ್ಬರು ವಾಟ್ಸ್‌ಆ್ಯಪ್‌ನಲ್ಲಿ ದೊಡ್ಡ ವಿಡಿಯೋ ಕಳಿಸುತ್ತಿರುವಾಗ, ಕಂಪನಿ ಕೊಟ್ಟ ಪ್ರಾಯೋಗಿಕ ಸಂಪರ್ಕದಿಂದ ಹತ್ತು ನಿಮಿಷ ಮಾತನಾಡಿ ನೋಡಿ. ಅಪ್‌ಲೋಡ್ ತುಂಬಿದಾಗ ಧ್ವನಿ ತುಂಡಾದರೆ ರೂಟರಿನಲ್ಲಿ ಫೋನಿಗೆ ಮೊದಲ ಆದ್ಯತೆ ಕೊಡುವ ಸೆಟ್ಟಿಂಗ್ ಇದೆಯೇ ಎಂದು ನೋಡಬೇಕು. ಅಗ್ಗದ ರೂಟರುಗಳಲ್ಲಿ ಅದು ಇರುವುದಿಲ್ಲ, ಇದ್ದರೂ ಹೆಸರಿಗೆ ಮಾತ್ರ.

ಇನ್ನೊಂದು ದೋಷ ಎಷ್ಟು ಸಾಮಾನ್ಯವೆಂದರೆ ಅದನ್ನು ಬಿಡಿಸಿ ಹೇಳುವುದು ಒಳ್ಳೆಯದು. ಕರೆ ಬರುತ್ತದೆ, ಎತ್ತುತ್ತೀರಿ, ಆಚೆಯವರ ಮಾತು ನಿಮಗೆ ಕೇಳಿಸುತ್ತದೆ, ನೀವು ‘ಹೇಳಿ ಅಣ್ಣ, ಕೇಳಿಸ್ತಾ ಇದೆ’ ಎಂದರೂ ಅವರು ‘ಹಲೋ, ಹಲೋ’ ಎನ್ನುತ್ತಲೇ ಇದ್ದು ಕೊನೆಗೆ ಇಟ್ಟುಬಿಡುತ್ತಾರೆ. ಈ ಏಕಮುಖ ಧ್ವನಿಗೆ ಬಹುಪಾಲು ಕಾರಣ ಅಂಗಡಿಯ ರೂಟರೇ ಹೊರತು ಕಂಪನಿಯಲ್ಲ. ರೂಟರಿನಲ್ಲಿ ಸಿಪ್ ಎಎಲ್‌ಜಿ ಎಂಬ ಆಯ್ಕೆ ಚಾಲೂ ಇದ್ದರೆ ಅದು ಫೋನಿನ ಸಂದೇಶಗಳಲ್ಲಿರುವ ವಿಳಾಸವನ್ನು ತನಗೆ ತೋಚಿದಂತೆ ತಿದ್ದಿ ಕೆಡಿಸುತ್ತದೆ. ಅದನ್ನು ಆಫ್ ಮಾಡಿಸಿ. ಕೆಲವು ಫೈಬರ್ ಮೋಡೆಮ್‌ಗಳಲ್ಲಿ ಈ ಆಯ್ಕೆ ಗ್ರಾಹಕರಿಗೆ ಕಾಣಿಸುವುದಿಲ್ಲ, ಹಾಗಿದ್ದಾಗ ಇಂಟರ್ನೆಟ್ ಕೊಟ್ಟವರಿಂದಲೇ ಮಾಡಿಸಬೇಕು.

ಐದನೆಯ ಹೆಜ್ಜೆ: ಕರೆಂಟು ಹೋದಾಗ

ತಾಮ್ರದ ತಂತಿಯ ಹಳೆಯ ಫೋನಿಗೆ ಎಕ್ಸ್‌ಚೇಂಜಿನಿಂದಲೇ ವಿದ್ಯುತ್ತು ಬರುತ್ತಿದ್ದುದರಿಂದ ಊರೆಲ್ಲ ಕತ್ತಲಾದರೂ ಫೋನು ಬದುಕಿರುತ್ತಿತ್ತು. ಫೈಬರಿನಲ್ಲಿ ಬರುವುದು ಬೆಳಕು ಮಾತ್ರ. ಮೋಡೆಮ್, ರೂಟರ್, ಐಪಿ ಫೋನು ಮೂರಕ್ಕೂ ಅಂಗಡಿಯ ಕರೆಂಟೇ ಬೇಕು. ಬೆಸ್ಕಾಂ ಲೈನ್ ಕೆಲಸಕ್ಕೆಂದು ಬೆಳಗಿನಿಂದ ಸಂಜೆಯವರೆಗೆ ನಿಲುಗಡೆ ಪ್ರಕಟಿಸುವ ದಿನಗಳನ್ನು ನೆನೆದು ಲೆಕ್ಕ ಹಾಕಿ.

ಮೋಡೆಮ್, ರೂಟರ್ ಸಾಮಾನ್ಯವಾಗಿ 12 ವೋಲ್ಟಿನವು. ಎರಡೂ ಸೇರಿ 25 ವ್ಯಾಟ್ ಒಳಗೇ ಇರುವುದರಿಂದ ಅವಕ್ಕೆಂದೇ ಬರುವ ಚಿಕ್ಕ ಯುಪಿಎಸ್‌ಗಳು ಒಂದೆರಡು ಗಂಟೆ ನಡೆಸುತ್ತವೆ. ಅಂಗಡಿಯಲ್ಲಿ ದೊಡ್ಡ ಬ್ಯಾಟರಿಯ ಇನ್ವರ್ಟರ್ ಇದ್ದರೆ ಮೋಡೆಮ್ಮಿನ ಪ್ಲಗ್ಗನ್ನು ಅದರ ಲೈನಿಗೆ ಹಾಕಿಸಿದರೆ ದಿನದ ಬಹುಪಾಲು ಕಳೆಯುತ್ತದೆ. ಆದರೆ ಇನ್ವರ್ಟರನ್ನು ಯುಪಿಎಸ್ ಮೋಡ್‌ನಲ್ಲಿಡಿ. ಸಾಮಾನ್ಯ ಮೋಡ್‌ನಲ್ಲಿ ಕರೆಂಟಿನಿಂದ ಬ್ಯಾಟರಿಗೆ ಬದಲಾಗುವ ಕ್ಷಣದಷ್ಟೇ ವಿರಾಮಕ್ಕೂ ರೂಟರ್ ಮತ್ತೆ ಮೊದಲಿನಿಂದ ಶುರುವಾಗಿ, ಅಷ್ಟರಲ್ಲಿ ಕೆಲವು ನಿಮಿಷಗಳ ಕರೆಗಳು ಹೋಗಿಯೇ ಬಿಡುತ್ತವೆ. ನಿಮ್ಮ ಬಡಾವಣೆಗೆ ಫೈಬರ್ ಎಳೆದ ಕೇಬಲ್ ಆಪರೇಟರಿಗೂ ಒಂದು ಪ್ರಶ್ನೆ ಕೇಳಬೇಕು: ಅವರ ಕಡೆಯ ಯಂತ್ರಕ್ಕೆ ಬ್ಯಾಟರಿ ಇದೆಯೇ? ಅದು ಆರಿದರೆ ನಿಮ್ಮ ಇನ್ವರ್ಟರಿನಿಂದ ಉಪಯೋಗವಿಲ್ಲ.

ಎಲ್ಲಕ್ಕೂ ಕೊನೆಯ ಆಸರೆಯಾಗಿ, ಫೋನುಗಳು ಸಂಪರ್ಕ ಕಳೆದುಕೊಂಡ ಕೂಡಲೇ ಕರೆಗಳು ತಾವಾಗಿಯೇ ಒಂದು ಮೊಬೈಲಿಗೆ ತಿರುಗುವ ನಿಯಮವನ್ನು ಬರೆಸಿಡಿ. ಬರೆಸಿದ ಮೇಲೆ ರೂಟರಿನ ಪ್ಲಗ್ ಕಿತ್ತು, ಹೊರಗಿನಿಂದ ಕರೆ ಮಾಡಿ, ತಿರುಗುತ್ತದೆಯೇ ಎಂದು ಕಣ್ಣಾರೆ ನೋಡಿ. ತುರ್ತು ಕರೆಯ 112ಕ್ಕೆ ಮಾತ್ರ ಮೊಬೈಲನ್ನೇ ಬಳಸಿ, ಏಕೆಂದರೆ ಇಂಟರ್ನೆಟ್ ಫೋನಿನಿಂದ ಮಾಡಿದ ಕರೆಯಲ್ಲಿ ನೀವು ಎಲ್ಲಿದ್ದೀರಿ ಎಂಬುದು ಸರಿಯಾಗಿ ತಿಳಿಯದೆ ಹೋಗಬಹುದು.

ಆರನೆಯ ಹೆಜ್ಜೆ: ಸ್ವಾಗತದ ಧ್ವನಿ

ಇದನ್ನು ಕಂಪನಿಯ ಕೈಗೆ ಬಿಟ್ಟರೆ ಯಂತ್ರದ ಕನ್ನಡದಲ್ಲಿ ಒಂದು ನಿಮಿಷದ ಭಾಷಣ ಬರುತ್ತದೆ. ನೀವೇ ಬರೆದು, ಅಂಗಡಿಯವರೊಬ್ಬರ ಧ್ವನಿಯಲ್ಲಿ ಮುದ್ರಿಸಿ: ‘ನಮಸ್ಕಾರ. ಮೋಟಾರ್ ರಿಪೇರಿಗೆ ಒಂದು ಒತ್ತಿ, ಹೊಸ ಪಂಪು, ಬಿಡಿಭಾಗಕ್ಕೆ ಎರಡು ಒತ್ತಿ.’ ಅಷ್ಟೇ. ಆಯ್ಕೆಗಳು ಮೂರನ್ನು ದಾಟದಿರಲಿ, ಏನೂ ಒತ್ತದವರ ಕರೆ ಹತ್ತು ಸೆಕೆಂಡಿನೊಳಗೆ ನೇರ ಕೌಂಟರಿಗೆ ಹೋಗಲಿ. ಪಾವಗಡದ ಕಡೆಯ ಗಿರಾಕಿಗಳು ಹೆಚ್ಚಿದ್ದರೆ ತೆಲುಗಿನ ಒಂದು ಸಾಲನ್ನು ಸೇರಿಸುವುದು ಮರ್ಯಾದೆ. ಕರೆಗಳನ್ನು ರೆಕಾರ್ಡ್ ಮಾಡಿಕೊಳ್ಳುವಿರಾದರೆ ಅದನ್ನೂ ಈ ಸ್ವಾಗತದಲ್ಲೇ ತಿಳಿಸಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಗಿರಾಕಿಯ ಮಾಹಿತಿಯನ್ನು ಏಕೆ, ಎಲ್ಲಿಯವರೆಗೆ ಇಟ್ಟುಕೊಳ್ಳುತ್ತೀರಿ ಎಂಬುದಕ್ಕೆ ನಿಮ್ಮಲ್ಲಿ ಉತ್ತರ ಇರಬೇಕು.

ಏಳನೆಯ ಹೆಜ್ಜೆ: ಕಳ್ಳತನ ಮತ್ತು ಕಾನೂನು

ಎಕ್ಸ್‌ಟೆನ್ಶನ್ 101ಕ್ಕೆ ಪಾಸ್‌ವರ್ಡ್ ಕೂಡ 101 ಎಂದೇ ಇಟ್ಟ ವ್ಯವಸ್ಥೆಗಳನ್ನು ಹುಡುಕುತ್ತ ಇಂಟರ್ನೆಟ್ಟಿನಲ್ಲಿ ಹಗಲಿರುಳೂ ಸುತ್ತುವ ಯಂತ್ರಗಳಿವೆ. ಅವುಗಳ ಕೈಗೆ ಸಿಕ್ಕರೆ ನಿಮ್ಮ ಲೈನಿನಿಂದ ರಾತ್ರಿಯಿಡೀ ದುಬಾರಿ ವಿದೇಶಿ ನಂಬರುಗಳಿಗೆ ಕರೆ ಹೋಗಿ, ಬಿಲ್ಲು ನಿಮ್ಮ ತಲೆಗೆ ಬರುತ್ತದೆ. ಐಎಸ್‌ಡಿ ಬೇಡದಿದ್ದರೆ ಬರಹದಲ್ಲಿ ಬಂದ್ ಮಾಡಿಸಿ, ಹೊರಹೋಗುವ ಕರೆಗಳಿಗೆ ದಿನದ ಮಿತಿ ಹಾಕಿಸಿ, ಸ್ವಂತ ಪಿಬಿಎಕ್ಸ್ ಇದ್ದರೆ ಕರೆಯ ಸಂದೇಶಗಳಿಗೆ ಬಾಗಿಲಿನಂತಿರುವ ಅದರ 5060ನೇ ಪೋರ್ಟನ್ನು ಎಲ್ಲರಿಗೂ ತೆರೆದಿಡಬೇಡಿ.

ಇಂಟರ್ನೆಟ್ ಕರೆಯನ್ನು ಸಾಮಾನ್ಯ ಫೋನ್ ಜಾಲಕ್ಕೆ ಸೇರಿಸುವ ಅವಕಾಶವನ್ನು ಸರ್ಕಾರ 2018ರಲ್ಲಿ ಸ್ಪಷ್ಟಪಡಿಸಿದ್ದು ಪರವಾನಗಿ ಇರುವ ಟೆಲಿಕಾಂ ಕಂಪನಿಗಳಿಗೆ. ಹತ್ತಾರು ಸಿಮ್ಮುಗಳನ್ನು ತುಂಬಿದ ಪೆಟ್ಟಿಗೆಯನ್ನು ಅಂಗಡಿಯಲ್ಲಿಟ್ಟುಕೊಂಡರೆ ಬಾಡಿಗೆ ಕೊಡುತ್ತೇವೆ ಎಂದು ಯಾರಾದರೂ ಬಂದರೆ ಒಳಗೆ ಸೇರಿಸಬೇಡಿ. ಸಿಮ್ ಬಾಕ್ಸ್ ದಂಧೆ ಅಪರಾಧ, ಪೊಲೀಸರು ಮೊದಲು ಬರುವುದು ಪೆಟ್ಟಿಗೆ ಇರುವ ವಿಳಾಸಕ್ಕೆ. ಇನ್ನು, ನಿಮ್ಮ ಹೊಸ ನಂಬರಿನಿಂದ ಗಿರಾಕಿಗಳಿಗೆ ಸಾಲುಸಾಲಾಗಿ ಜಾಹೀರಾತಿನ ಕರೆ ಮಾಡುವಂತಿಲ್ಲ. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್‌ನ 2018ರ ನಿಯಮಗಳಡಿ ಅಂಥ ಕರೆಗಳಿಗೆ ನೋಂದಣಿಯೂ 140ರಿಂದ ಆರಂಭವಾಗುವ ಪ್ರತ್ಯೇಕ ನಂಬರೂ ಬೇಕು, ಬೇಸತ್ತ ಗಿರಾಕಿ 1909ಕ್ಕೆ ದೂರು ಕೊಟ್ಟರೆ ನಿಮ್ಮ ಲೈನೇ ನಿಲ್ಲಬಹುದು.

ಎಂಟನೆಯ ಹೆಜ್ಜೆ: ದರವನ್ನು ಒಂದೇ ಹಾಳೆಯಲ್ಲಿ ಬರೆಯುವುದು

ಲೆಕ್ಕಕ್ಕಾಗಿ, ಒಬ್ಬರಿಗೆ ತಿಂಗಳಿಗೆ 500 ರೂಪಾಯಿ ಎಂದು ಕಂಪನಿ ಹೇಳಿತೆನ್ನಿ. ಐದು ಜನರಿಗೆ 2,500, ಶೇ 18 ಜಿಎಸ್‌ಟಿ ಸೇರಿ 2,950. ಇಲ್ಲಿಗೆ ಮುಗಿಯುವುದಿಲ್ಲ. ನಂಬರಿನ ಬಾಡಿಗೆ ಬೇರೆಯೇ, ಮೊಬೈಲಿಗೆ ತಿರುಗಿಸಿದ ಕರೆಗೂ ನಿಮಿಷದ ದರ ಇದೆಯೇ, ರೆಕಾರ್ಡ್ ಮಾಡಿದ ಕರೆಗಳು ಎಷ್ಟು ದಿನ ಸಿಗುತ್ತವೆ, ಚಾನೆಲ್ ಹೆಚ್ಚಿಸಲು ಎಷ್ಟು, ವರ್ಷದ ಹಣ ಮುಂಗಡ ಕಟ್ಟಿ ಮಧ್ಯದಲ್ಲಿ ಬಿಟ್ಟರೆ ಎಷ್ಟು ವಾಪಸು ಬರುತ್ತದೆ ಎಂಬುದನ್ನೆಲ್ಲ ಕೇಳಿ ಬರೆದುಕೊಂಡು, ಎರಡು ಮೂರು ಕಂಪನಿಗಳ ಒಂದು ವರ್ಷದ ಒಟ್ಟು ಮೊತ್ತವನ್ನು ಪಕ್ಕಪಕ್ಕದಲ್ಲಿಟ್ಟು ನೋಡಿ. ಮೊಬೈಲಿಗೆ ತಿರುಗುವ ಕರೆಯ ದರವೇ ಹಲವು ಕಡೆ ಬಿಲ್ಲನ್ನು ಉಬ್ಬಿಸುತ್ತದೆ. ಜಿಎಸ್‌ಟಿಯ ಸಾಮಾನ್ಯ ನೋಂದಣಿ ಇರುವವರಿಗೆ ಆ ತೆರಿಗೆ ಇನ್‌ಪುಟ್ ಕ್ರೆಡಿಟ್ ಆಗಿ ಮರಳುತ್ತದೆ, ಕಾಂಪೊಸಿಷನ್ ಯೋಜನೆಯವರಿಗೆ ಮರಳುವುದಿಲ್ಲ. ಮೊದಲ ಮೂರು ತಿಂಗಳು ತಿಂಗಳ ಲೆಕ್ಕದಲ್ಲೇ ಕಟ್ಟಿ. ವರ್ಷದ ರಿಯಾಯಿತಿ ಆಮೇಲೂ ಸಿಗುತ್ತದೆ.

ದೋಷ ಬಂದಾಗ ಯಾರಿಗೆ ಕರೆ ಮಾಡಬೇಕು, ಅವರು ಕನ್ನಡದಲ್ಲಿ ಮಾತನಾಡುತ್ತಾರೆಯೇ, ಭಾನುವಾರವೂ ಸಿಗುತ್ತಾರೆಯೇ ಎಂಬುದನ್ನು ಸಹಿ ಹಾಕುವ ಮೊದಲೇ, ಆ ನಂಬರಿಗೆ ಒಂದು ಭಾನುವಾರ ಕರೆ ಮಾಡಿಯೇ ತಿಳಿದುಕೊಳ್ಳಬಹುದು.

ಕೊನೆಯದು: ಹಳೆಯದರಿಂದ ಹೊಸದಕ್ಕೆ

ಬದಲಾವಣೆಯನ್ನು ವ್ಯಾಪಾರ ಬಿಗಿಯಾಗಿರುವ ತಿಂಗಳಲ್ಲಿ ಮಾಡಬೇಡಿ. ಪಂಪಿನ ಅಂಗಡಿಗಾದರೆ ಮಳೆಗಾಲ ಸರಿಯಾದ ಕಾಲ. ಹಳೆಯ ಲೈನನ್ನು ಕನಿಷ್ಠ ಎರಡು ತಿಂಗಳು ಹಾಗೆಯೇ ಇಟ್ಟು, ಅದಕ್ಕೆ ಬಂದ ಕರೆಗಳು ಹೊಸ ವ್ಯವಸ್ಥೆಗೆ ತಿರುಗುವಂತೆ ಮಾಡಿ, ದಿನಕ್ಕೆ ಎಷ್ಟು ಜನ ಇನ್ನೂ ಹಳೆಯ ನಂಬರಿಗೇ ಮಾಡುತ್ತಿದ್ದಾರೆ ಎಂಬುದನ್ನು ವರದಿಯಲ್ಲಿ ಗಮನಿಸಿ. ಗೂಗಲ್ ಮ್ಯಾಪಿನಲ್ಲಿರುವ ಅಂಗಡಿಯ ವಿವರ, ವಾಟ್ಸ್‌ಆ್ಯಪ್ ಬಿಸಿನೆಸ್ ಖಾತೆ, ಬಿಲ್ ಪುಸ್ತಕ, ಬೋರ್ಡು, ರಿಪೇರಿಯಾದ ಮೋಟಾರಿಗೆ ಅಂಟಿಸುವ ಸ್ಟಿಕ್ಕರು, ಇವೆಲ್ಲದರಲ್ಲೂ ಹೊಸ ನಂಬರು ಬಂದಿದೆಯೇ ಎಂದು ಒಂದೊಂದನ್ನೇ ಪರಿಶೀಲಿಸಿ. ಹಳೆಯ ನಂಬರಿಗೆ ಬರುವ ಕರೆಗಳು ವಾರಕ್ಕೆ ಒಂದೆರಡಕ್ಕೆ ಇಳಿದ ಮೇಲೆ ಆ ಲೈನನ್ನು ಒಪ್ಪಿಸಿ, ಠೇವಣಿ ಇದ್ದರೆ ವಾಪಸು ಪಡೆಯಲು ಅರ್ಜಿ ಕೊಟ್ಟು, ಅದರ ಸ್ವೀಕೃತಿಯನ್ನು ಕಡತದಲ್ಲಿ ಇಟ್ಟುಕೊಳ್ಳಿ.